ನನ್ನ ಕಾಲ್ಗುಣ ಮತ್ತು ಸಿಯಾಟಲ್ ಮ್ಯಾರಿನರ್ಸ್

ನಿಮ್ಮ ಪ್ರಶ್ನೆ ಓದಿದೆ. ಕೆಲಸದ ಮೇಲೆ ಈಗಷ್ಟೇ ಸಿಯಾಟಲ್‌ಗೆ ಬಂದಿದ್ದೀರಿ. ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಇಲ್ಲಿನ ಬೇಸ್‌ಬಾಲ್ ತಂಡ ಮ್ಯಾರಿನರ್ಸ್‌ನದೇ ಮಾತು. ಆದರೆ ಆ ತಂಡ ಹುಟ್ಟಿದಾಗಿನಿಂದ ಒಂದು ಸಲವೂ ವರ್ಲ್ಡ್ ಸೀರೀಸ್, ಅಂದರೆ ಇಲ್ಲಿನ ಬೇಸ್‌ಬಾಲ್ ಫೈನಲ್, ಆಡಿಲ್ಲವಂತೆ. "ಇಂಥ ತಂಡವನ್ನು ಜನ ಯಾಕೆ ಹಿಡಿದುಕೊಂಡಿದ್ದಾರೆ? ಬೇಜಾರಾಗಲ್ವಾ? ನಾನೂ ನೋಡೋಕೆ ಶುರು ಮಾಡಲಾ?" ಅಂತ ಕೇಳಿದ್ದೀರಿ.

ಬೇಜಾರಾಗುತ್ತದೆ. ತುಂಬಾ ಆಗುತ್ತದೆ. ಅದನ್ನು ಮುಚ್ಚಿಟ್ಟು ನಿಮ್ಮನ್ನು ಒಳಗೆ ಕರೆದರೆ ನನಗೆ ಪಾಪ ಸುತ್ತಿಕೊಳ್ಳುತ್ತದೆ.

ನಾನು ಹಾಸನದ ಕಡೆಯವನು. ಇಲ್ಲಿಗೆ ಬಂದಿದ್ದು 2002ರ ಜನವರಿಯಲ್ಲಿ. ಈ ಇಸವಿ ಸ್ವಲ್ಪ ನೆನಪಿಟ್ಟುಕೊಳ್ಳಿ. ಹಿಂದಿನ ವರ್ಷ, 2001ರಲ್ಲಿ, ಮ್ಯಾರಿನರ್ಸ್ 162 ಪಂದ್ಯಗಳಲ್ಲಿ 116 ಗೆದ್ದಿತ್ತು. ಅಷ್ಟು ಗೆದ್ದ ಇನ್ನೊಂದೇ ತಂಡವೆಂದರೆ 1906ರ ಶಿಕಾಗೋ ಕಬ್ಸ್. ಜಪಾನಿನಿಂದ ಬಂದ ಇಚಿರೋ ಸುಜುಕಿ ಮೊದಲ ವರ್ಷವೇ ಲೀಗಿನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡಿದ್ದ. ಪ್ಲೇಆಫ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ಎದುರು ಸೋತರು, ಇರಲಿ. ಊರೆಲ್ಲ "ಮುಂದಿನ ವರ್ಷ ಗ್ಯಾರಂಟಿ" ಅನ್ನುತ್ತಿತ್ತು.

ಆಮೇಲೆ ನಾನು ಬಂದೆ.

2002ರಲ್ಲಿ 93 ಪಂದ್ಯ ಗೆದ್ದೂ ಪ್ಲೇಆಫ್ ಇಲ್ಲ. 2003ರಲ್ಲಿ ಮತ್ತೆ 93, ಮತ್ತೆ ಇಲ್ಲ. 2004ರಲ್ಲಿ 99 ಸೋಲು. 2008ರಲ್ಲಿ 101 ಸೋಲು. ಆಟಗಾರರ ಸಂಬಳಕ್ಕೆ 10 ಕೋಟಿ ಡಾಲರ್‌ಗಿಂತ ಜಾಸ್ತಿ ಸುರಿದು 100 ಪಂದ್ಯ ಸೋತ ಮೊದಲ ತಂಡ ಅನ್ನುವ ಹೆಸರೂ ಬಂತು. 2010ರಲ್ಲಿ ಪುನಃ 101. ಹೀಗೇ 2021ರವರೆಗೆ, ಒಟ್ಟು 20 ಸೀಸನ್. ಆಗ ಅಮೆರಿಕದ ನಾಲ್ಕು ದೊಡ್ಡ ಆಟಗಳಲ್ಲಿ ಯಾವ ತಂಡಕ್ಕೂ ಅಷ್ಟು ಉದ್ದದ ಬರಗಾಲ ಇರಲಿಲ್ಲ.

ನನ್ನ ಹೆಂಡತಿ ಇದಕ್ಕೆ ಒಂದೇ ಮಾತಿನಲ್ಲಿ ಕಾರಣ ಕಂಡುಹಿಡಿದಿದ್ದಾಳೆ. "ನಿಮ್ಮ ಕಾಲ್ಗುಣ ಕಣ್ರೀ." ಊರಿನಲ್ಲಿ ಹೊಸ ಸೊಸೆಗೆ ಹೇಳುವ ಮಾತನ್ನು ನನಗೆ ಅಂಟಿಸಿದಳು. ಮೊದಲು ನಕ್ಕೆ. ಹತ್ತನೇ ವರ್ಷಕ್ಕೆ ನಗು ನಿಂತಿತು. ಶನಿ ಕೂಡ ಏಳೂವರೆ ವರ್ಷಕ್ಕೆ ಬಿಟ್ಟು ಹೋಗುತ್ತಾನೆ, ಅಲ್ವಾ?

ನಾನು ಇದಕ್ಕೆ ಸಿಕ್ಕಿಬಿದ್ದಿದ್ದು ರೇಡಿಯೋದಿಂದ. ಆಗ ರೆಡ್ಮಂಡ್‌ನಿಂದ ಸಂಜೆ ಕಾರಿನಲ್ಲಿ ಬರುವಾಗ ಸೇತುವೆ ಮೇಲೆ ಟ್ರಾಫಿಕ್ಕು ನಿಂತುಬಿಡುತ್ತಿತ್ತು. ಏನೋ ಒಂದು ಕೇಳೋಣ ಅಂತ ಗುಂಡಿ ತಿರುಗಿಸಿದರೆ ಡೇವ್ ನೀಹೌಸ್ ಧ್ವನಿ. ತಂಡದ ಮೊದಲ ಪಂದ್ಯದಿಂದ, ಅಂದರೆ 1977ರಿಂದ, ಕಾಮೆಂಟ್ರಿ ಹೇಳುತ್ತಾ ಬಂದವರು. ನನಗೆ ಆಟ ಗೊತ್ತಿರಲಿಲ್ಲ, ಅರ್ಧ ಪದ ಅರ್ಥವಾಗುತ್ತಿರಲಿಲ್ಲ. ಆದರೆ ಚಿಕ್ಕಂದಿನಲ್ಲಿ ಅಪ್ಪ ಟ್ರಾನ್ಸಿಸ್ಟರ್ ಕಿವಿಗೆ ಒತ್ತಿಕೊಂಡು ಟೆಸ್ಟ್ ಮ್ಯಾಚ್ ಕೇಳುತ್ತಿದ್ದದ್ದು ನೆನಪಾಯಿತು. ಅದೇ ನಿಧಾನ, ನಡುವೆ ಅದೇ ಮೌನ, ಹಿಂದೆ ಅದೇ ಜನರ ಗುಜುಗುಜು.

ಮೂರು ಬೇಸಿನಲ್ಲೂ ಆಳು ನಿಂತಿರುವಾಗ ಹೋಮ್ ರನ್ (ನಮ್ಮ ಸಿಕ್ಸರ್ ಥರದ ಹೊಡೆತ) ಬಿದ್ದರೆ ನಾಲ್ಕು ರನ್, ಅದು ಗ್ರ್ಯಾಂಡ್ ಸ್ಲ್ಯಾಮ್. ಆಗ ನೀಹೌಸ್ ಅಜ್ಜಿಯನ್ನು ಕರೆದು "ರೈ ಬ್ರೆಡ್ಡೂ ಸಾಸಿವೆಯೂ ಹೊರಗೆ ತೆಗಿ" ಅನ್ನುತ್ತಿದ್ದರು. ಯಾವ ಅಜ್ಜಿ, ಯಾಕೆ ಸಾಸಿವೆ, ಒಂದೂ ಗೊತ್ತಾಗದೆ ಕಾರಿನಲ್ಲಿ ಒಬ್ಬನೇ ನಕ್ಕಿದ್ದೇನೆ. ಒಗ್ಗರಣೆಗೆ ಇರಬೇಕು ಅಂದುಕೊಂಡೆ. 2010ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು. 34 ಸೀಸನ್ ಕಾಮೆಂಟ್ರಿ ಹೇಳಿದ ಮನುಷ್ಯ ತನ್ನ ತಂಡ ವರ್ಲ್ಡ್ ಸೀರೀಸ್ ಆಡುವುದನ್ನು ನೋಡಲೇ ಇಲ್ಲ. ಅವತ್ತು ನನಗೆ ಮನೆಯವರೇ ಯಾರೋ ಹೋದ ಹಾಗೆ ಆಯಿತು. ಅವರನ್ನು ನಾನು ಒಂದು ಸಲವೂ ಭೇಟಿ ಆಗಿರಲಿಲ್ಲ.

ನಿಮಗೆ ಐಪಿಎಲ್ ಗೊತ್ತಿದೆ. ಅಲ್ಲಿ ಲೀಗ್ ಹಂತದಲ್ಲಿ 14 ಪಂದ್ಯ. ಸೋತರೆ ಎರಡು ದಿನ ಮಂಕು ಕವಿಯುತ್ತದೆ, ಮುಂದಿನ ಪಂದ್ಯಕ್ಕೆ ಲೆಕ್ಕ ಹಾಕುತ್ತಾ ಕೂರುತ್ತೇವೆ. ಬೇಸ್‌ಬಾಲ್ ಹಾಗಲ್ಲ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆವರೆಗೆ ಹೆಚ್ಚುಕಡಿಮೆ ದಿನಾ ಆಟ. 116 ಗೆದ್ದ ಆ ತಂಡ ಕೂಡ 46 ಸೋತಿದೆ. ಒಳ್ಳೆಯ ಬ್ಯಾಟರ್ ಅನ್ನಿಸಿಕೊಂಡವನು ಹತ್ತು ಸಲದಲ್ಲಿ ಏಳು ಸಲ ಪೆಚ್ಚುಮೋರೆ ಹಾಕಿಕೊಂಡು ವಾಪಸ್ ಬರುತ್ತಾನೆ. ಇದು ಹಬ್ಬದ ಊಟ ಅಲ್ಲ, ದಿನದ ಅನ್ನ ಸಾರು. ಇವತ್ತು ಸಾರಿಗೆ ಉಪ್ಪು ಜಾಸ್ತಿ ಆಯಿತು ಅಂತ ನಾಳೆ ಊಟ ಬಿಡುತ್ತೇವಾ? ಪಾತ್ರೆ ತೊಳೆಯುವಾಗ ರೇಡಿಯೋ ಹಾಕುತ್ತೇನೆ. ಸೋಲುತ್ತಾರೆ. ಆರಿಸಿ ಮಲಗುತ್ತೇನೆ. ಮಾರನೆ ದಿನ ಸಂಜೆ ಮತ್ತೆ ಪಾತ್ರೆ, ಮತ್ತೆ ರೇಡಿಯೋ. ಜನ ಯಾಕೆ ಹಿಡಿದುಕೊಂಡಿದ್ದಾರೆ ಅಂತ ಕೇಳಿದಿರಲ್ಲ, ನನ್ನ ಮಟ್ಟಿಗೆ ಮುಕ್ಕಾಲು ಉತ್ತರ ಇದೇ. ಅಕ್ಟೋಬರ್‌ನ ಪ್ಲೇಆಫ್ ಬರಲಿ ಬಿಡಲಿ, ಆರು ತಿಂಗಳು ಮನೆಯಲ್ಲಿ ಇನ್ನೊಂದು ಧ್ವನಿ ಇರುತ್ತದೆ.

ಹಾಗಾದರೆ ಸಿಟ್ಟು ಯಾವುದಕ್ಕೆ? ಸೋಲಿಗಲ್ಲ. ಬೇರೆ ಎರಡು ಮೂರು ವಿಷಯಕ್ಕೆ.

ಒಂದು, ನಮ್ಮವರು ಅಂದುಕೊಂಡವರು ನಮ್ಮವರಾಗಿ ಉಳಿಯುವುದಿಲ್ಲ. ನಾನು ಬರುವ ಮೊದಲೇ ರ‍್ಯಾಂಡಿ ಜಾನ್ಸನ್, ಕೆನ್ ಗ್ರಿಫಿ ಜೂನಿಯರ್, ಅಲೆಕ್ಸ್ ರಾಡ್ರಿಗಸ್ ಒಬ್ಬರ ಹಿಂದೆ ಒಬ್ಬರು ಬೇರೆ ಊರು ಸೇರಿದ್ದರು. ನಾನು ಕಣ್ಣಾರೆ ನೋಡಿದ್ದು ಇಚಿರೋದು. 2012ರ ಜುಲೈ 23, ಸೋಮವಾರ. ಯಾಂಕೀಸ್ ನಮ್ಮ ಊರಿಗೆ ಬಂದಿದ್ದರು. ಟಿಕೆಟ್ ವಾರದ ಮುಂಚೆಯೇ ತೆಗೆದಿದ್ದೆ. ಮಧ್ಯಾಹ್ನ ಸುದ್ದಿ ಬಂತು, ಇಚಿರೋನನ್ನು ಯಾಂಕೀಸ್‌ಗೇ ಕೊಟ್ಟಿದ್ದಾರಂತೆ. ಸಂಜೆ ಅದೇ ಮೈದಾನದಲ್ಲಿ, ಆ ಕಡೆಯ ಕೋಣೆಯಿಂದ, ಬೂದು ಬಣ್ಣದ ಅಂಗಿ ಹಾಕಿಕೊಂಡು ಹೊರಗೆ ಬಂದ. ಬೆನ್ನ ಮೇಲೆ 51ರ ಬದಲು 31. ಬ್ಯಾಟ್ ಮಾಡಲು ಬಂದಾಗ ಇಡೀ ಸ್ಟೇಡಿಯಂ ಎದ್ದು ನಿಂತಿತು. ಅವನು ಹೆಲ್ಮೆಟ್ ತೆಗೆದು ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದ. ನಾನೂ ಎದ್ದಿದ್ದೆ. ಚಪ್ಪಾಳೆ ತಟ್ಟಬೇಕೋ ಬೇಡವೋ ಗೊತ್ತಾಗದೆ ಕೈಯಲ್ಲಿದ್ದ ಕಡಲೆಕಾಯಿ ಪೊಟ್ಟಣ ಹಿಸುಕುತ್ತಿದ್ದೆ.

ನಮ್ಮ ಪಿಚರ್, ಅಂದರೆ ಚೆಂಡು ಎಸೆಯುವವನು, ಫೀಲಿಕ್ಸ್ ಹರ್ನಾಂಡೆಸ್ ಕಥೆ ಇದಕ್ಕೆ ಉಲ್ಟಾ. ಅವನು ಎಲ್ಲೂ ಹೋಗಲಿಲ್ಲ. ಹೋಗುವ ಅವಕಾಶ ಇದ್ದರೂ ಸಹಿ ಹಾಕಿ ಇಲ್ಲೇ ಉಳಿದ. 2012ರ ಆಗಸ್ಟ್ 15ರಂದು ಟ್ಯಾಂಪಾ ಬೇ ಎದುರು 27 ಬ್ಯಾಟರ್‌ಗಳಲ್ಲಿ ಒಬ್ಬನೇ ಒಬ್ಬನನ್ನೂ ಬೇಸ್ ಮುಟ್ಟಲು ಬಿಡಲಿಲ್ಲ. ಪರ್ಫೆಕ್ಟ್ ಗೇಮ್. ಬುಧವಾರ ಮಧ್ಯಾಹ್ನ, ನಾನು ಮೀಟಿಂಗಿನಲ್ಲಿದ್ದೆ. (ಹೆಂಡತಿ ಪ್ರಕಾರ ಅದಕ್ಕೇ ಆಗಿದ್ದು.) 2005ರಿಂದ 2019ರವರೆಗೆ 15 ವರ್ಷ ಎಸೆದ. ಒಂದೇ ಒಂದು ಪ್ಲೇಆಫ್ ಪಂದ್ಯ ಆಡಲಿಲ್ಲ. ತಂಡಕ್ಕೆ ನಿಷ್ಠೆ ತೋರಿಸಿದ ಆಟಗಾರನಿಗೇ ಈ ಗತಿ, ಇನ್ನು ನಮ್ಮದೇನು.

ಎರಡನೆಯದು ಲೆಕ್ಕಾಚಾರದ ಸಿಟ್ಟು. 2023ರಲ್ಲಿ ನಾವು 88 ಗೆದ್ದು ಒಂದೇ ಒಂದು ಗೆಲುವಿನ ಅಂತರದಲ್ಲಿ ಪ್ಲೇಆಫ್ ತಪ್ಪಿಸಿಕೊಂಡೆವು. ಸೀಸನ್ ಮುಗಿದ ಮೇಲೆ ತಂಡ ಕಟ್ಟುವ ಜವಾಬ್ದಾರಿ ಹೊತ್ತವರು ಪತ್ರಿಕಾಗೋಷ್ಠಿಯಲ್ಲಿ ಒಂದು ಮಾತು ಹೇಳಿದರು. ಹತ್ತು ವರ್ಷ ತೆಗೆದುಕೊಂಡರೆ ಶೇ. 54 ಪಂದ್ಯ ಗೆಲ್ಲುವ ತಂಡ ಒಂದಲ್ಲ ಒಂದು ದಿನ ವರ್ಲ್ಡ್ ಸೀರೀಸ್ ತಲುಪುತ್ತದೆ, ಸ್ವಲ್ಪ ತಾಳ್ಮೆ ಇರಲಿ ಅನ್ನುವ ಅರ್ಥದಲ್ಲಿ. ಹೀಗೆ ತಾಳ್ಮೆ ಕೇಳುವುದೇ ಅಭಿಮಾನಿಗಳಿಗೆ ಮಾಡುವ ಉಪಕಾರ ಅನ್ನುವ ಹಾಗೆ. 162ರಲ್ಲಿ 88 ಅಂದರೆ ಶೇ. 54ಕ್ಕೆ ಕೂದಲೆಳೆ ಜಾಸ್ತಿಯೇ. ಅಷ್ಟು ಗೆದ್ದೂ ಪ್ಲೇಆಫ್ ಇಲ್ಲದೆ ಮನೆಗೆ ಬಂದಿದ್ದೆವಲ್ಲ! ಆಮೇಲೆ ಅವರು ಕ್ಷಮೆ ಕೇಳಿದರು, ನಿಜ. ಆದರೆ 35 ಪರ್ಸೆಂಟ್ ಬಂದರೆ ಪಾಸು ಅಂತ ಓದುವ ಹುಡುಗನ ನೆನಪಾಯಿತು ನನಗೆ. 2024ರಲ್ಲಿ 85 ಗೆದ್ದರು. ಮತ್ತೆ ಒಂದೇ ಗೆಲುವು ಕಡಿಮೆ.

ಟಿವಿ ಹಕ್ಕಿನ ಗೋಳು ಬೇರೆ. ವರ್ಷಗಟ್ಟಲೆ ಲೀಗಿನ ಆ್ಯಪ್‌ಗೆ ದುಡ್ಡು ಕಟ್ಟಿದರೆ ಇಡೀ ದೇಶದ ಆಟ ಕಾಣುತ್ತಿತ್ತು, ನಮ್ಮೂರಿನದು ಮಾತ್ರ ಕಾಣುತ್ತಿರಲಿಲ್ಲ. ಅದಕ್ಕೆ ಬೇರೆ ಕೇಬಲ್ ಹಾಕಿಸಬೇಕಿತ್ತು. ಬಿಡಿ, ಅದನ್ನು ಎತ್ತಿದರೆ ಈ ಉತ್ತರ ಮುಗಿಯುವುದಿಲ್ಲ.

ಈಗ ಆಸೆಯ ವಿಷಯಕ್ಕೆ ಬರುತ್ತೇನೆ. 2022ರ ಸೆಪ್ಟೆಂಬರ್‌ನಲ್ಲಿ ನಮ್ಮಮ್ಮ ಹಾಸನದಿಂದ ಬಂದಿದ್ದರು. ತಂಡ ಆ ವರ್ಷ ಹೇಗೋ ತೆವಳಿಕೊಂಡು ಬಾಗಿಲ ತನಕ ಬಂದಿತ್ತು. 30ನೇ ತಾರೀಕು ಶುಕ್ರವಾರ ರಾತ್ರಿ ಓಕ್ಲೆಂಡ್ ಎದುರು ಆಟ. ಗೆದ್ದರೆ ಪ್ಲೇಆಫ್. ಕೊನೆಯ, ಅಂದರೆ ಒಂಬತ್ತನೇ ಇನಿಂಗ್ಸ್, 1-1. ಹೆಂಡತಿ ಟಿವಿಯಿಂದ ಕಣ್ಣು ತೆಗೆಯದೆ ಹೇಳಿದಳು, "ರೀ, ನೀವು ಸ್ವಲ್ಪ ಗರಾಜಿಗೆ ಹೋಗಿ ನಿಂತ್ಕೊಳ್ಳಿ." ತಮಾಷೆಗಲ್ಲ. ಮಗನೂ ನನ್ನ ಮುಖ ನೋಡಿದ. ಹೋದೆ. ವಾಷಿಂಗ್ ಮಷೀನ್ ಪಕ್ಕ ಬನಿಯನ್ನಿನಲ್ಲಿ ನಿಂತಿದ್ದೆ. ಒಳಗಿಂದ ಒಂದು ಕೂಗು ಬಂತು. ಯಾರದೋ ತಲೆಗೆ ಪೆಟ್ಟಾಯಿತೇನೋ ಅಂತ ಓಡಿ ಬಂದರೆ ಮೂವರೂ ಕುಣಿಯುತ್ತಿದ್ದಾರೆ. ಇಬ್ಬರು ಔಟ್, ಮೂರು ಬಾಲ್ ಎರಡು ಸ್ಟ್ರೈಕ್ (ಇನ್ನೊಂದು ಸ್ಟ್ರೈಕ್ ಆದರೆ ಇನಿಂಗ್ಸ್ ಮುಗಿಯಿತು), ಬೇರೊಬ್ಬನ ಬದಲಿಗೆ ಬ್ಯಾಟ್ ಹಿಡಿದು ಬಂದ ಕ್ಯಾಚರ್ ಕ್ಯಾಲ್ ರ‍್ಯಾಲಿ ಹೋಮ್ ರನ್ ಹೊಡೆದಿದ್ದ. 20 ವರ್ಷ ಕಾದ ಕ್ಷಣವನ್ನು ನಾನು ರಿಪ್ಲೇಯಲ್ಲಿ ನೋಡಿದೆ.

"ಎಲ್ಲ ಅತ್ತೆ ಕಾಲ್ಗುಣ," ಅಂದಳು ಹೆಂಡತಿ. ಅಮ್ಮ ಏನೂ ಅರ್ಥವಾಗದಿದ್ದರೂ ಒಪ್ಪಿಕೊಂಡರು.

ಒಂದು ವಾರ ಕಳೆದು ಟೊರಾಂಟೋದಲ್ಲಿ ಆಟ. 8-1ರಿಂದ ಹಿಂದೆ ಬಿದ್ದಿದ್ದೆವು. ಆಗ ಇಲ್ಲಿನ ಜನ ಒಂದು ಹೊಸ ಹರಕೆ ಶುರು ಮಾಡಿದರು, ಬೂಟು ಕಳಚಿ ತಲೆ ಮೇಲೆ ಇಟ್ಟುಕೊಳ್ಳುವುದು. ಮಗ ಇಟ್ಟುಕೊಂಡ. ನಾನೂ ಇಟ್ಟುಕೊಂಡೆ. ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಾ ಅಡುಗೆಮನೆಯಿಂದ ಬಂದರು. ನಿಂತರು. "ಏನೋ ಇದು? ಕಾಲಿಗೆ ಹಾಕ್ಕೊಳ್ಳೋದನ್ನ ತಲೆ ಮೇಲೆ ಇಟ್ಕೊಂಡಿದ್ದೀಯ? ದೇವರ ಮನೆ ಎದುರಿಗೇ?" ನಾನು ತೆಗೆಯಲು ಕೈ ಎತ್ತಿದೆ, ಮಗ "ಅಪ್ಪಾ, ಬೇಡ" ಅಂತ ಕೈ ಹಿಡಿದ. ಅಷ್ಟರಲ್ಲಿ ನಮ್ಮ ಕ್ರಾಫರ್ಡ್ ಹೊಡೆದ ಒಂದು ಬಡಪಾಯಿ ಚೆಂಡು ಗಾಳಿಯಲ್ಲಿ ಹೋಗಿ ಅವರ ಇಬ್ಬರು ಫೀಲ್ಡರ್‌ಗಳ ನಡುವೆ ಬಿತ್ತು. ಇಬ್ಬರೂ ಡಿಕ್ಕಿ ಹೊಡೆದುಕೊಂಡರು. ಮೂರು ರನ್, 9-9. ಕೊನೆಗೆ 10-9ರಲ್ಲಿ ಗೆದ್ದೆವು. ಆ ಡಿಕ್ಕಿಯಲ್ಲಿ ಪೆಟ್ಟು ತಿಂದು ಹೊರಗೆ ಹೋದವನು ಜಾರ್ಜ್ ಸ್ಪ್ರಿಂಗರ್. ಈ ಹೆಸರನ್ನೂ ನೆನಪಿಟ್ಟುಕೊಳ್ಳಿ.

ಮುಂದಿನ ಶನಿವಾರ 21 ವರ್ಷಗಳ ನಂತರ ನಮ್ಮೂರಲ್ಲಿ ಪ್ಲೇಆಫ್. ಮಗನನ್ನು ಕರೆದುಕೊಂಡು ಹೋದೆ. ಮಧ್ಯಾಹ್ನ ಒಂದಕ್ಕೆ ಕೂತಿದ್ದು. ಒಂಬತ್ತು ಇನಿಂಗ್ಸ್ ಆಯಿತು, 0-0. ಸಮ ಆದರೆ ಆಟ ಮುಂದುವರಿಯುತ್ತದೆ. ಹನ್ನೆರಡು, 0-0. ಏಳನೇ ಇನಿಂಗ್ಸ್ ನಡುವೆ ಎಲ್ಲರೂ ಎದ್ದು ಹಾಡುವ ಪದ್ಧತಿ ಇದೆ, ಹದಿನಾಲ್ಕನೆಯದರಲ್ಲಿ ಮತ್ತೆ ಎದ್ದು ಹಾಡಿದೆವು. ತಂದಿದ್ದ ಚಪಾತಿ ಸುರುಳಿ, ಚಿಪ್ಸ್, ಪಕ್ಕದವರು ಕೊಟ್ಟ ಬಿಸ್ಕತ್ತು ಎಲ್ಲ ಖಾಲಿ. ಕತ್ತಲಾಯಿತು. ಹದಿನೆಂಟನೇ ಇನಿಂಗ್ಸ್‌ನಲ್ಲಿ ಹ್ಯೂಸ್ಟನ್‌ನ ಜೆರೆಮಿ ಪೆನ್ಯಾ ಒಂದು ಹೋಮ್ ರನ್ ಹೊಡೆದ. 1-0. 6 ಗಂಟೆ 22 ನಿಮಿಷ ಕೂತು ನಮ್ಮವರ ಒಂದು ರನ್ ನೋಡದೆ ಎದ್ದೆವು. ಸರಣಿ ಅಲ್ಲಿಗೆ ಮುಗಿಯಿತು. ಮನೆಗೆ ಬಂದರೆ ಅಮ್ಮ ಬಿಸಿ ಅನ್ನ ಬಡಿಸುತ್ತಾ, "ಬೂಟು ಇಟ್ಕೊಂಡಿದ್ರಾ?" ಅಂದರು. ಹೌದಮ್ಮ ಅಂದೆ. "ಮತ್ತೆ!" ಅಂದರು, ಅಷ್ಟೇ.

2025ರದ್ದು ನೀವೂ ಕೇಳಿರುತ್ತೀರಿ. ಜೂನ್ 3ರಂದು ಬೆಳಗ್ಗೆ ಏಳಕ್ಕೆ ಎದ್ದು ಕೂತು ಆರ್‌ಸಿಬಿ 18ನೇ ಸೀಸನ್ನಿನಲ್ಲಿ ಕಪ್ ಎತ್ತುವುದನ್ನು ನೋಡಿದೆ. ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಮಾರನೆ ದಿನ ಚಿನ್ನಸ್ವಾಮಿ ಹತ್ತಿರ ನೂಕುನುಗ್ಗಲಲ್ಲಿ 11 ಜನ ಹೋದರು. ಹಂಚಲು ತಂದ ಸಿಹಿ ಹಾಗೇ ಉಳಿಯಿತು. ಆ ಮೇಲೆ ಎಷ್ಟೋ ದಿನ ಯಾವ ಆಟವೂ ಬೇಡ ಅನ್ನಿಸಿತ್ತು. ಆದರೆ ಪಾತ್ರೆ ತೊಳೆಯುವುದಂತೂ ತಪ್ಪದು, ರೇಡಿಯೋ ಮತ್ತೆ ಬಂತು. ಆ ವರ್ಷ ಕ್ಯಾಲ್ ರ‍್ಯಾಲಿ 60 ಹೋಮ್ ರನ್ ಹೊಡೆದ. ತಂಡ 2001ರ ನಂತರ ಮೊದಲ ಸಲ ತನ್ನ ವಿಭಾಗ ಗೆದ್ದಿತು. ಡೆಟ್ರಾಯಿಟ್ ಎದುರು ಕೊನೆಯ ಪಂದ್ಯ 15 ಇನಿಂಗ್ಸ್ ಹೋಗಿ ಗೆದ್ದೆವು. ಮುಂದೆ ಟೊರಾಂಟೋ. ಏಳರಲ್ಲಿ ನಾಲ್ಕು ಗೆದ್ದರೆ ವರ್ಲ್ಡ್ ಸೀರೀಸ್.

ಐದನೇ ಪಂದ್ಯ ಇಲ್ಲಿತ್ತು. ಎಂಟನೇ ಇನಿಂಗ್ಸ್‌ನಲ್ಲಿ ಯೂಹೆನಿಯೋ ಸ್ವಾರೆಸ್ ಗ್ರ್ಯಾಂಡ್ ಸ್ಲ್ಯಾಮ್ ಹೊಡೆದ. ನಾನು ಅಡುಗೆಮನೆಯಲ್ಲಿ ನಿಂತು "ಅಜ್ಜೀ, ಸಾಸಿವೆ ತೆಗಿ" ಅಂತ ಕನ್ನಡದಲ್ಲೇ ಕಿರುಚಿದೆ. 3-2, ಇನ್ನೊಂದೇ ಒಂದು ಗೆಲುವು. ಆದರೆ ಅದೇ ಪಂದ್ಯದಲ್ಲಿ ಸ್ಪ್ರಿಂಗರ್ ಮೊಣಕಾಲಿಗೆ ಚೆಂಡು ತಾಗಿ ಕುಂಟುತ್ತಾ ಹೊರಗೆ ಹೋದಾಗ ನಮ್ಮ ಜನ ಕೆಲವರು ಗೇಲಿ ಮಾಡಿದರು. ಅವನು ಹಿಂದೆ ಹ್ಯೂಸ್ಟನ್‌ನಲ್ಲಿದ್ದವನು, ಇಲ್ಲಿ ಅವನ ಮೇಲೆ ಹಳೆ ಸಿಟ್ಟಿದೆ. ಆದರೂ ಅದು ಸರಿ ಕಾಣಲಿಲ್ಲ. ಪೆಟ್ಟಾದವನನ್ನು ನೋಡಿ ನಗಬಾರದು ಅಂತ ಅಮ್ಮ ಚಿಕ್ಕಂದಿನಲ್ಲೇ ಬೈದು ಕಲಿಸಿದ್ದಾರೆ.

ಆರನೆಯದು ಸೋತೆವು. ಏಳನೆಯದು ಅಕ್ಟೋಬರ್ 20, ದೀಪಾವಳಿಯ ಸಂಜೆ. ಮನೆ ಮುಂದೆ ದೀಪ ಹಚ್ಚಿ, ಲಕ್ಷ್ಮೀಪೂಜೆಯನ್ನು ಸ್ವಲ್ಪ ಬೇಗ ಮುಗಿಸಿ, ಎಲ್ಲರೂ ಟಿವಿ ಮುಂದೆ. ಹಾಸನದಲ್ಲಿ ಆಗ ಮಾರನೆ ದಿನದ ಬೆಳಗಿನ ಜಾವ. ಕಾಲ್ಗುಣ ದೂರದಿಂದಲೂ ಕೆಲಸ ಮಾಡುತ್ತದೋ ನೋಡೋಣ ಅಂತ ಅಮ್ಮನಿಗೆ ವಿಡಿಯೋ ಕಾಲ್ ಹಾಕಿ ಫೋನನ್ನು ಟಿವಿ ಪಕ್ಕ ನಿಲ್ಲಿಸಿದ್ದೆವು. ಹೂಲಿಯೋ ರಾಡ್ರಿಗಸ್ ಒಂದು ಹೋಮ್ ರನ್, ರ‍್ಯಾಲಿ ಒಂದು. 3-1. ಏಳನೇ ಇನಿಂಗ್ಸ್‌ನಲ್ಲಿ ಒಬ್ಬ ಔಟ್. ಇನ್ನು ಎಂಟೇ ಔಟ್ ತೆಗೆದರೆ ಗೆದ್ದ ಹಾಗೆ. 49 ಸೀಸನ್, ಎಂಟು ಔಟ್. ನಾನು ಬೆರಳು ಮಡಚಿ ಎಣಿಸುತ್ತಿದ್ದೆ. ಬೇಸಿನಲ್ಲಿ ಇಬ್ಬರು. ಬ್ಯಾಟ್ ಹಿಡಿದು ಬಂದವನು ಸ್ಪ್ರಿಂಗರ್.

ಚೆಂಡು ಬ್ಯಾಟಿಗೆ ತಾಗಿದ ಸದ್ದಿನಲ್ಲೇ ಗೊತ್ತಾಯಿತು. ಹೋಮ್ ರನ್, ಮೂರು ರನ್. ಅವರು 4, ನಾವು 3. ಕೊನೆಯ ಔಟ್ ಆಗಿ ಹೂಲಿಯೋ ಬ್ಯಾಟ್ ಬೀಸಿ ತಪ್ಪಿಸಿಕೊಂಡಾಗ ನಮ್ಮ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ನಮ್ಮ ಅತ್ಯುತ್ತಮ ಕೊನೆ ಪಿಚರ್ ಮುನ್ಯೋಸ್‌ನನ್ನು ಆಗಲೇ ಯಾಕೆ ಕರೆಸಲಿಲ್ಲ ಅಂತ ಈ ಊರಿನಲ್ಲಿ ಇನ್ನೂ ಹತ್ತು ವರ್ಷ ಜಗಳ ನಡೆಯುತ್ತದೆ. ನೀವೂ ಆಫೀಸಿನಲ್ಲಿ ಕೇಳಿ ನೋಡಿ, ಕಾಫಿ ತಣ್ಣಗಾಗುತ್ತದೆ. ಫೋನಿನಿಂದ ಅಮ್ಮನ ಧ್ವನಿ ಬಂತು: "ಆಯ್ತೇನೋ? ದೀಪ ಆರಿಲ್ಲ ತಾನೇ, ಹೋಗಿ ಎಣ್ಣೆ ಹಾಕು." ಹೋಗಿ ಎಣ್ಣೆ ಹಾಕಿದೆ.

ಈಗ ಚಳಿಗಾಲ. ಫೆಬ್ರವರಿಯಲ್ಲಿ ಪಿಚರ್‌ಗಳೂ ಕ್ಯಾಚರ್‌ಗಳೂ ಅರಿಜೋನಾದ ಕ್ಯಾಂಪಿಗೆ ಬರುತ್ತಾರೆ. ಮಗ ಆ ತಾರೀಕನ್ನು ಫ್ರಿಜ್ ಮೇಲಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಾನೆ, ಅವನ ಪರೀಕ್ಷೆ ತಾರೀಕು ಮಾತ್ರ ಅಲ್ಲಿ ಇಲ್ಲ.

ನೀವು ಶುರು ಮಾಡಬೇಕೋ ಬೇಡವೋ? ಮೊದಲು ಒಂದು ಮಾಮೂಲಿ ಮಂಗಳವಾರದ ಪಂದ್ಯಕ್ಕೆ ಹೋಗಿ. ಪ್ಲೇಆಫ್ ನೋಡಿ ಶುರು ಮಾಡಬೇಡಿ, ಕೆಟ್ಟು ಹೋಗುತ್ತೀರಿ. ಲೈಟ್ ರೈಲಿನಲ್ಲಿ ಸ್ಟೇಡಿಯಂ ಸ್ಟೇಷನ್ನಿನಲ್ಲಿ ಇಳಿದರೆ ನಡೆದೇ ಹೋಗಬಹುದು. ಮೇಲಿನ ಕಡಿಮೆ ಬೆಲೆಯ ಸೀಟು ಸಾಕು, ಊರೂ ಸಮುದ್ರವೂ ಕಾಣುತ್ತದೆ. ಸ್ವೆಟರ್ ಮರೆಯಬೇಡಿ. ಛಾವಣಿ ಮುಚ್ಚಿದರೂ ಅದು ಬರೀ ಛತ್ರಿ ಇದ್ದ ಹಾಗೆ, ಪಕ್ಕದಿಂದ ಗಾಳಿ ನುಗ್ಗುತ್ತದೆ. ನಡುನಡುವೆ ಗೂಡ್ಸ್ ರೈಲು ಕೂಗುತ್ತಾ ಹೋಗುತ್ತದೆ. ಹುರಿದ ಮಿಡತೆ ಮಾರುತ್ತಾರೆ, ತಿನ್ನಲೇಬೇಕು ಅಂತೇನಿಲ್ಲ. ನಾನು ಕಡಲೆಕಾಯಿಯವನೇ.

ಬೇಕಾದರೆ ಏಪ್ರಿಲ್‌ನಲ್ಲಿ ಒಟ್ಟಿಗೇ ಹೋಗೋಣ, ಟಿಕೆಟ್ ನಾನು ತೆಗೆಯುತ್ತೇನೆ. ಒಂದೇ ಷರತ್ತು. ನೀವು ಈ ಊರಿಗೆ ಹೊಸಬರು. ಗೇಟಿನಲ್ಲಿ ನಾನು ಹಿಂದೆ ನಿಂತಿರುತ್ತೇನೆ, ನೀವು ಮೊದಲು ಬಲಗಾಲಿಟ್ಟು ಒಳಗೆ ಹೋಗಿ.